ಲಾರಿ, ಬಸ್ಸು ನಡೆದು ಹೋಗುವವರಿಗೆ ಬಡಿದರೆ: ಮೊದಲ ನಿಮಿಷದಿಂದ ಪರಿಹಾರದ ಅರ್ಜಿವರೆಗೆ

ನಮ್ಮ ಚಿಕ್ಕಪ್ಪನ ಪಾದದ ಮೇಲೆ ಜಲ್ಲಿ ತುಂಬಿದ ಟಿಪ್ಪರ್ ಹತ್ತಿದಾಗ ಅವರು ಕೆಳಗೆ ಬೀಳಲೂ ಇಲ್ಲ. ಬೆಳಗ್ಗೆ ಹಾಲು ತರಲು ಹೋಗಿ ರಸ್ತೆ ತಿರುವಿನಲ್ಲಿ ನಿಂತಿದ್ದರು. ಟಿಪ್ಪರ್ ಎಡಕ್ಕೆ ತಿರುಗಿತು. ಅದರ ಮೂತಿ ಅವರಿಂದ ಒಂದು ಮಾರು ದೂರದಲ್ಲೇ ಹೋಯಿತು. ಹಿಂದಿನ ಚಕ್ರ ಮಾತ್ರ ಮೂಲೆ ಕತ್ತರಿಸಿಕೊಂಡು ಬಂದು ಪಾದದ ಮೇಲೆ ಹತ್ತಿ ಇಳಿಯಿತು. ಚಪ್ಪಲಿ ಹರಿದಿತ್ತು. ಕಾಲ ಮೇಲೆ ಟೈರಿನ ಕಪ್ಪು ಗುರುತು, ಒಂದೆರಡು ಕಡೆ ತರಚು ಗಾಯ. ರಕ್ತ ಹೆಚ್ಚೇನೂ ಬರಲಿಲ್ಲ. "ಏನೂ ಆಗಿಲ್ಲ ಬಿಡ್ರಪ್ಪಾ" ಅಂತ ಜನರನ್ನು ಕಳಿಸಿ, ಕುಂಟುತ್ತಾ ಮನೆಗೆ ಬಂದು, ಅರಿಶಿನ ಹಚ್ಚಿಕೊಂಡು ಮಲಗಿದರು.

ರಾತ್ರಿ ಹೊತ್ತಿಗೆ ಪಾದ ಊದಿಕೊಂಡು ಚರ್ಮ ಮಿರಮಿರ ಹೊಳೆಯುತ್ತಿತ್ತು. ಮುಟ್ಟಿದರೆ ಮರದ ಹಲಗೆ ಮುಟ್ಟಿದ ಹಾಗಿತ್ತು. ಚಿಕ್ಕಮ್ಮ ಹೆಬ್ಬೆರಳನ್ನು ಸ್ವಲ್ಪ ಅಲುಗಿಸಿದ್ದಕ್ಕೆ ಕಿರುಚಿಬಿಟ್ಟರು. ಅದೇ ರಾತ್ರಿ ಆಪರೇಷನ್ ಆಯಿತು. ಚಕ್ರದ ಭಾರಕ್ಕೆ ಚರ್ಮ ಒಳಗಿನ ಮಾಂಸದಿಂದ ಬಿಟ್ಟುಕೊಂಡಿತ್ತು. ಮೇಲೆ ನೋಡಿದರೆ ಚರ್ಮ ಸರಿಯಾಗೇ ಇತ್ತು, ಆದರೆ ಅದಕ್ಕೆ ರಕ್ತವೇ ಹೋಗುತ್ತಿರಲಿಲ್ಲ. ಕೊನೆಗೆ ತೊಡೆಯ ಚರ್ಮ ತೆಗೆದು ಪಾದಕ್ಕೆ ಹಾಕಬೇಕಾಯಿತು. ಟಿಪ್ಪರ್ ನಂಬರನ್ನು ಯಾರೂ ಬರೆದುಕೊಂಡಿರಲಿಲ್ಲ. ಪೊಲೀಸರಿಗೆ ದೂರು ಕೊಟ್ಟಿದ್ದು ನಾಲ್ಕನೇ ದಿನ.

ಆವತ್ತು ನಮಗೆ ಗೊತ್ತಿಲ್ಲದ್ದನ್ನೆಲ್ಲ ಆಮೇಲೆ ಒಂದೊಂದಾಗಿ ಕಲಿತೆವು. ಅದನ್ನೇ ಇಲ್ಲಿ ಬರೆದಿದ್ದೇನೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 32,825 ಜನ ನಡೆದುಕೊಂಡು ಹೋಗುತ್ತಿದ್ದವರು. ಅಂದರೆ ಸತ್ತ ಐದು ಜನರಲ್ಲಿ ಸುಮಾರು ಒಬ್ಬರು.

ದೊಡ್ಡ ಗಾಡಿ ಬಡಿಯುವ ರೀತಿಯೇ ಬೇರೆ

ಕಾರು ಬಡಿದಾಗ ಸಾಮಾನ್ಯವಾಗಿ ಮೊದಲು ಕಾಲಿಗೆ ತಗಲುತ್ತದೆ, ಮನುಷ್ಯ ಬಾನೆಟ್ ಮೇಲೆ ಉರುಳುತ್ತಾನೆ. ಲಾರಿ, ಬಸ್ಸುಗಳ ಮುಂಭಾಗ ಗೋಡೆಯ ಹಾಗಿರುತ್ತದೆ. ಸೊಂಟ, ಎದೆ, ತಲೆ ಮೂರಕ್ಕೂ ಒಟ್ಟಿಗೇ ಏಟು ಬೀಳುತ್ತದೆ. ಉರುಳಲು ಜಾಗವಿಲ್ಲ, ಹಾಗಾಗಿ ಮನುಷ್ಯ ಮುಂದಕ್ಕೆ ಬೀಳುತ್ತಾನೆ. ಗಾಡಿ ಇನ್ನೂ ಅದೇ ದಿಕ್ಕಿಗೆ ಬರುತ್ತಿರುತ್ತದೆ.

ಎಷ್ಟೋ ಸಲ ವೇಗವೇ ಇರುವುದಿಲ್ಲ. ತಿರುವಿನಲ್ಲಿ, ಬಸ್‌ಸ್ಟಾಪಿನಲ್ಲಿ, ಕಟ್ಟಡ ಕಟ್ಟುವ ಜಾಗದಲ್ಲಿ ಗಾಡಿ ನಡಿಗೆಯ ವೇಗದಲ್ಲಿ ಚಲಿಸುವಾಗಲೇ ಚಕ್ರದಡಿ ಸಿಕ್ಕಿಬಿಡುತ್ತಾರೆ. ಇದಕ್ಕೆ ಎರಡು ಕಾರಣ ಇದೆ.

ಒಂದು, ಡ್ರೈವರಿಗೆ ಕಾಣದ ಜಾಗಗಳು. ಎತ್ತರದ ಕ್ಯಾಬಿನ್ ಇರುವ ಲಾರಿಯ ಮೂತಿಗೆ ಒತ್ತಿಕೊಂಡು ಮಗುವೋ ಕುಳ್ಳಗಿನವರೋ ನಿಂತಿದ್ದರೆ ಅವರು ಗಾಜಿನ ಕೆಳಗೇ ಉಳಿದುಬಿಡುತ್ತಾರೆ. ನಮ್ಮಲ್ಲಿ ಸ್ಟೇರಿಂಗ್ ಬಲಕ್ಕಿರುವುದರಿಂದ ಎಡಗಡೆ ಬಾಗಿಲ ಪಕ್ಕದ ಜಾಗ ಇನ್ನೂ ಕುರುಡು. ಲಾರಿಯ ನೇರ ಹಿಂದೆ ಇರುವುದಂತೂ ಕನ್ನಡಿಗೆ ಸಿಗುವುದೇ ಇಲ್ಲ. ನಿಂತ ಲಾರಿಯ ಪಕ್ಕ ಹೋಗುವಾಗ ಅದರ ಕನ್ನಡಿ ನೋಡಿ. ಅದರಲ್ಲಿ ಡ್ರೈವರಿನ ಮುಖ ನಿಮಗೆ ಕಾಣದಿದ್ದರೆ ಆ ಕನ್ನಡಿಯಲ್ಲಿ ನೀವೂ ಅವನಿಗೆ ಕಾಣುತ್ತಿಲ್ಲ. ಮಕ್ಕಳಿಗೆ ಇದನ್ನು ಬಾಯಲ್ಲಿ ಹೇಳಿದರೆ ಸಾಲದು. ಊರಿನಲ್ಲಿ ಪರಿಚಯದ ಲಾರಿ ಇದ್ದರೆ ಒಂದು ಸಲ ಡ್ರೈವರ್ ಸೀಟಿನಲ್ಲಿ ಕೂರಿಸಿ ತೋರಿಸಿ. ಒಮ್ಮೆ ನೋಡಿದ ಮಗು ಅದನ್ನು ಮರೆಯುವುದಿಲ್ಲ.

ಎರಡನೆಯದು, ಚಿಕ್ಕಪ್ಪನಿಗೆ ಆಗಿದ್ದು. ಉದ್ದದ ಗಾಡಿ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ದಾರಿಯಲ್ಲೇ ಬರುವುದಿಲ್ಲ. ತಿರುವಿನ ಒಳಗಡೆಯಿಂದ ಅಡ್ಡ ಹಾದು ಬರುತ್ತದೆ. ಗಾಡಿ ಉದ್ದ ಇದ್ದಷ್ಟೂ ಜಾಸ್ತಿ. ಮೂತಿ ನಿಮ್ಮನ್ನು ದಾಟಿ ಹೋಯಿತು ಅಂತ ನೀವು ನಿರಾಳವಾಗುವ ಹೊತ್ತಿಗೇ ಚಕ್ರ ಕಾಲಬುಡಕ್ಕೆ ಬಂದಿರುತ್ತದೆ. ಅದೇ ಹೊತ್ತಿಗೆ ಬಸ್ಸಿನ ಹಿಂಬದಿ ಆಚೆ ಕಡೆಗೆ ಬೀಸಿಕೊಂಡು ಬರುತ್ತದೆ, ಅಲ್ಲಿ ನಿಂತವರಿಗೂ ಏಟು ಬೀಳಬಹುದು.

ಎಲ್ಲಿ ನಿಲ್ಲಬೇಕು, ಹೇಗೆ ದಾಟಬೇಕು

ತಿರುವಿನಲ್ಲಿ ದೊಡ್ಡ ಗಾಡಿ ಬಂದರೆ ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ. ಒಂದು ಹೆಜ್ಜೆ ಸಾಲದು. ಹಿಂದೆ ಗೋಡೆಯೋ ಕಂಬವೋ ಇದ್ದರೆ ಆ ಜಾಗದಲ್ಲಿ ನಿಲ್ಲಲೇಬೇಡಿ. ಚಕ್ರ ಹತ್ತಿರ ಬಂದಾಗ ಹಿಂದೆ ಹೋಗಲು ದಾರಿ ಇರುವುದಿಲ್ಲ.

ಬಸ್ಸಿಳಿದ ಕೂಡಲೇ ಅದರ ಮುಂದಿನಿಂದ ದಾಟುವುದು ನಮ್ಮೆಲ್ಲರ ಅಭ್ಯಾಸ. ಇದನ್ನು ಬಿಡಬೇಕು. ಡ್ರೈವರ್ ಬಲಗಡೆ ಕನ್ನಡಿ ನೋಡಿಕೊಂಡು ಬಸ್ಸು ಎತ್ತುತ್ತಿರುತ್ತಾನೆ, ಮೂತಿಯ ಕೆಳಗೆ ನೀವಿರುವುದು ಅವನಿಗೆ ಗೊತ್ತಾಗುವುದಿಲ್ಲ. ಬಸ್ಸನ್ನು ದಾಟಿ ಬರುವ ಇನ್ನೊಂದು ಗಾಡಿ ನಿಮಗೂ ಕಾಣುವುದಿಲ್ಲ. ಬಸ್ಸು ಹೋಗಲಿ, ಆಮೇಲೆ ದಾಟಿ. ಅರ್ಧ ನಿಮಿಷದ ಮಾತು.

ಹೆದ್ದಾರಿ ದಾಟುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಎರಡು ಗಾಡಿ ಹೋಗುವಷ್ಟು ರಸ್ತೆ ಸುಮಾರು 7 ಮೀಟರ್ ಅಗಲ. ಆರಾಮಾಗಿ ನಡೆಯುವವರಿಗೆ ದಾಟಲು 6 ಸೆಕೆಂಡ್ ಬೇಕು. ಗಂಟೆಗೆ 60 ಕಿಲೋಮೀಟರ್ ವೇಗದ ಲಾರಿ ಆ 6 ಸೆಕೆಂಡಿನಲ್ಲಿ 100 ಮೀಟರ್ ಬಂದಿರುತ್ತದೆ. ಮಂಡಿನೋವಿನ ಅಜ್ಜಿಗೆ ಅದೇ ರಸ್ತೆ ದಾಟಲು 9 ಸೆಕೆಂಡ್ ಆದರೂ ಬೇಕು. ಅಷ್ಟರಲ್ಲಿ ಲಾರಿ 150 ಮೀಟರ್ ಬಂದಿರುತ್ತದೆ. "ಲಾರಿ ಇನ್ನೂ ಅಲ್ಲೆಲ್ಲೋ ಇದೆ" ಅಂತ ನಿಮಗೆ ಅನ್ನಿಸುವ ದೂರ ಅಜ್ಜಿಗೆ ಸಾಲುವುದಿಲ್ಲ. ವಯಸ್ಸಾದವರ ಜೊತೆ ದಾಟುವಾಗ ಅವರ ನಡಿಗೆಯ ಲೆಕ್ಕ ಹಿಡಿಯಿರಿ.

ಮಂಡ್ಯ, ಬೆಳಗಾವಿ ಕಡೆಯವರಿಗೆ ಕಬ್ಬಿನ ಕಾಲದ ಟ್ರ್ಯಾಕ್ಟರುಗಳ ಬಗ್ಗೆ ಹೊಸದಾಗಿ ಹೇಳಬೇಕಿಲ್ಲ. ಎರಡೆರಡು ಟ್ರೇಲರ್ ಕಟ್ಟಿಕೊಂಡು ಹೋಗುತ್ತವೆ. ನಿಂತಿದೆ ಅಂತ ಎರಡು ಟ್ರೇಲರ್ ಮಧ್ಯೆ ನುಗ್ಗಬೇಡಿ. ಕಬ್ಬು ಹಿರಿಯಲು ಹಿಂದೆ ಓಡುವ ಮಕ್ಕಳನ್ನು ಕಂಡರೆ ದಯವಿಟ್ಟು ಕೂಗಿ ನಿಲ್ಲಿಸಿ.

ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ಬಲಗಡೆ ನಡೆಯಿರಿ, ಎದುರಿನಿಂದ ಬರುವ ಗಾಡಿ ಕಣ್ಣಿಗೆ ಕಾಣಲಿ. ಶಿವರಾತ್ರಿಗೆ ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗುವವರು ರಾತ್ರಿಯೂ ನಡೆಯುತ್ತಾರೆ. ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಡೆಯಿರಿ. ಬೆನ್ನಿನ ಚೀಲಕ್ಕೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಅಂಟಿಸಿ. ಗುಂಪಿನ ಮೊದಲಿಗೂ ಕೊನೆಗೂ ನಡೆಯುವವರ ಕೈಯಲ್ಲಿ ಟಾರ್ಚ್ ಇರಲಿ. ಇಯರ್‌ಫೋನ್ ಬೇಡ.

ಇಷ್ಟೆಲ್ಲ ನಡೆಯುವವರೇ ಮಾಡಬೇಕಾ ಅಂತ ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಸರಿಯಾದ ಫುಟ್‌ಪಾತ್ ಸಿಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿಗೇ ಸೇರಿದ್ದು ಅಂತ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ನಿಮ್ಮ ಬೀದಿಯ ಫುಟ್‌ಪಾತಿಗಾಗಿ ಅರ್ಜಿ ಬರೆಯುವಾಗ ಆ ಮಾತನ್ನೂ ಬರೆಯಿರಿ.

ಹೆಜ್ಜೆ 1: ಗಾಡಿಯನ್ನು ಇದ್ದಲ್ಲೇ ನಿಲ್ಲಿಸಿ

ಇನ್ನು ಅಪಘಾತ ಆಗಿಯೇ ಹೋಗಿದೆ ಅಂದುಕೊಳ್ಳಿ. ಇಲ್ಲಿಂದ ಮುಂದಿನದು ಸುತ್ತ ನಿಂತವರಿಗಾಗಿ.

ಮೊದಲು ಜನ ಕೂಗುವುದು "ಹಿಂದೆ ತಗಿ, ಹಿಂದೆ ತಗಿ" ಅಂತ. ಡ್ರೈವರ್ ಮೊದಲೇ ಗಾಬರಿಯಾಗಿರುತ್ತಾನೆ, ಆ ಕೂಗಿಗೆ ರಿವರ್ಸ್ ಹಾಕುತ್ತಾನೆ. ಚಕ್ರದ ಪಕ್ಕ ಬಿದ್ದವರ ಮೇಲೆ ಚಕ್ರ ಹತ್ತುವುದು, ಒಮ್ಮೆ ಹತ್ತಿದ್ದು ಮತ್ತೊಮ್ಮೆ ಹತ್ತುವುದು ಆಗಲೇ. ಹಾಗಾಗಿ ಯಾರಾದರೂ ಒಬ್ಬರು ಡ್ರೈವರ್ ಬಾಗಿಲ ಹತ್ತಿರ ಹೋಗಿ ಗಟ್ಟಿಯಾಗಿ ಹೇಳಿ: ಇಂಜಿನ್ ಆಫ್ ಮಾಡು, ಹ್ಯಾಂಡ್‌ಬ್ರೇಕ್ ಹಾಕು, ಅಲುಗಾಡಿಸಬೇಡ. ಚಕ್ರಗಳಿಗೆ ಹಿಂದೆ ಮುಂದೆ ದಪ್ಪ ಕಲ್ಲು ಕೊಡಿ. ಆಮೇಲೆ ಒಬ್ಬರು ಬಗ್ಗಿ ನೋಡಿ. ಕೈಕಾಲು ಎಲ್ಲಿದೆ, ಬಟ್ಟೆ ಎಲ್ಲಿ ಸಿಕ್ಕಿಕೊಂಡಿದೆ ಅಂತ ಸರಿಯಾಗಿ ಗೊತ್ತಾಗುವವರೆಗೆ ಚಕ್ರ ತಿರುಗಬಾರದು.

ಕಾಲು ಚಕ್ರದಡಿ ಸಿಕ್ಕಿದ್ದರೆ ಅಗ್ನಿಶಾಮಕದವರನ್ನು ಕರೆಸಿ. ಭಾರ ಎತ್ತುವ ಸಲಕರಣೆ ಅವರ ಹತ್ತಿರ ಇರುತ್ತದೆ. ಸಿಕ್ಕಿ ಬಹಳ ಹೊತ್ತಾಗಿದ್ದರೆ ಆಂಬುಲೆನ್ಸ್ ಸಿಬ್ಬಂದಿ ಬಂದ ಮೇಲೆ ಬಿಡಿಸುವುದು ಒಳ್ಳೆಯದು. ಜಜ್ಜಿದ ಮಾಂಸಖಂಡದಲ್ಲಿ ಸೇರಿಕೊಂಡ ವಿಷದಂಥ ಅಂಶಗಳು ಭಾರ ತೆಗೆದ ಕೂಡಲೇ ರಕ್ತಕ್ಕೆ ನುಗ್ಗಿ ಹೃದಯಕ್ಕೂ ಕಿಡ್ನಿಗೂ ಏಟು ಕೊಡುತ್ತವೆ. ಡ್ರಿಪ್ ಹಾಕಿಕೊಂಡು ಬಿಡಿಸಿದರೆ ಆ ಅಪಾಯ ಕಡಿಮೆ. ಆದರೆ ಎದೆ ಒತ್ತಿ ಉಸಿರೇ ಆಡುತ್ತಿಲ್ಲ ಅಂದರೆ ಕಾಯಬೇಡಿ. ಜಾಕ್ ಹಾಕಿ, ಹತ್ತು ಜನ ಸೇರಿ ಎತ್ತಿ, ಹೇಗಾದರೂ ಭಾರ ಇಳಿಸಿ.

ಡ್ರೈವರಿಗೆ ಹೊಡೆಯಲು ಹೋಗುವವರನ್ನು ತಡೆಯಿರಿ. ಹೊಡೆತಕ್ಕೆ ಹೆದರಿ ಅವನು ಓಡಿಹೋದರೆ ಗಾಡಿ ಸರಿಸಲು ಗೊತ್ತಿರುವ ಒಬ್ಬನೇ ಮನುಷ್ಯ ಹೋದ ಹಾಗೆ. ಗಾಯಗೊಂಡವರಿಗೆ ಚಿಕಿತ್ಸೆ ಸಿಗುವ ಹಾಗೆ ನೋಡಿಕೊಳ್ಳುವುದು ಕಾನೂನಿನ ಪ್ರಕಾರ ಡ್ರೈವರಿನ ಕೆಲಸವೂ ಹೌದು.

ಹೆಜ್ಜೆ 2: ಫೋನು

108 ಆಂಬುಲೆನ್ಸಿಗೆ, 112 ಪೊಲೀಸ್ ಮತ್ತು ಅಗ್ನಿಶಾಮಕಕ್ಕೆ. ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033. ಎಲ್ಲರೂ ಫೋನ್ ಹಿಡಿದು ವಿಡಿಯೊ ಮಾಡುತ್ತಾ "ಯಾರೋ ಮಾಡಿರುತ್ತಾರೆ" ಅಂದುಕೊಳ್ಳುವುದೇ ಹೆಚ್ಚು. ಒಬ್ಬರನ್ನು ಬೆರಳು ಮಾಡಿ "ನೀಲಿ ಶರ್ಟ್ ಅಣ್ಣಾ, ನೀವು 108ಕ್ಕೆ ಮಾಡಿ, ಮಾಡಿ ನನಗೆ ಹೇಳಿ" ಅನ್ನಿ. ಜಾಗ ಹೇಳುವಾಗ ಹೆದ್ದಾರಿಯ ಕಿಲೋಮೀಟರ್ ಕಲ್ಲಿನ ನಂಬರ್, ಯಾವ ಊರಿನ ಕಡೆ ಹೋಗುವ ಬದಿ ಅನ್ನುವುದನ್ನು ಹೇಳಿ. "ಲಾರಿ ಹತ್ತಿದೆ, ಮನುಷ್ಯ ಕೆಳಗೆ ಸಿಕ್ಕಿದ್ದಾನೆ" ಅಂತ ಬಿಡಿಸಿ ಹೇಳಿದರೆ ಅದಕ್ಕೆ ತಕ್ಕ ಸಿದ್ಧತೆಯಲ್ಲಿ ಬರುತ್ತಾರೆ.

ಹೆಜ್ಜೆ 3: ರಕ್ತ, ಉಸಿರು

ಚಿಮ್ಮುವ ರಕ್ತವನ್ನು ಮೊದಲು ನಿಲ್ಲಿಸಿ. ಟವೆಲ್, ದುಪಟ್ಟಾ, ಶರ್ಟ್, ಕೈಗೆ ಸಿಕ್ಕ ಸ್ವಚ್ಛ ಬಟ್ಟೆಯನ್ನು ಗಾಯದ ಮೇಲಿಟ್ಟು ಅಂಗೈಯಿಂದ ಭಾರ ಹಾಕಿ ಒತ್ತಿ ಹಿಡಿಯಿರಿ. ಮತ್ತೆ ಮತ್ತೆ ತೆಗೆದು ನೋಡಬೇಡಿ. ಬಟ್ಟೆ ನೆನೆದರೆ ಅದರ ಮೇಲೆಯೇ ಇನ್ನೊಂದು ಇಡಿ. ಕೈಕಾಲು ಜಜ್ಜಿಹೋಗಿ, ಎಷ್ಟು ಒತ್ತಿದರೂ ರಕ್ತ ನಿಲ್ಲದಿದ್ದರೆ ಮಾತ್ರ ಕಟ್ಟು ಹಾಕಿ. ನಾಲ್ಕು ಬೆರಳು ಅಗಲದ ಬಟ್ಟೆಯನ್ನು ಗಾಯಕ್ಕಿಂತ ನಾಲ್ಕು ಬೆರಳು ಮೇಲೆ, ಕೀಲು ಬಿಟ್ಟು ಸುತ್ತಿ. ಕೋಲು ಸೇರಿಸಿ ರಕ್ತ ನಿಲ್ಲುವವರೆಗೆ ತಿರುಚಿ. ಹಗ್ಗ, ತಂತಿ ಬೇಡ. ಕಟ್ಟಿದ ಸಮಯವನ್ನು ಪೆನ್ನಿನಲ್ಲಿ ಅವರ ಚರ್ಮದ ಮೇಲೆ ದೊಡ್ಡದಾಗಿ ಬರೆಯಿರಿ. ಆಸ್ಪತ್ರೆಯವರು ಬಿಚ್ಚುವವರೆಗೆ ಬಿಚ್ಚಬೇಡಿ.

ಬೆರಳೋ ಪಾದವೋ ತುಂಡಾಗಿದ್ದರೆ ಒದ್ದೆ ಮಾಡಿ ಹಿಂಡಿದ ಸ್ವಚ್ಛ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಯಿ ಕಟ್ಟಿ. ಆ ಕವರನ್ನು ಐಸ್ ನೀರಿನಲ್ಲಿ ಇಡಿ. ತುಂಡನ್ನು ನೇರವಾಗಿ ಐಸ್ ಮೇಲೆ ಇಟ್ಟರೆ ಹಾಳಾಗುತ್ತದೆ.

ಎಚ್ಚರ ಇಲ್ಲ, ಉಸಿರಾಟವೂ ಸರಿಯಾಗಿಲ್ಲ ಅಂದರೆ ಎದೆಯ ಮಧ್ಯಭಾಗ ಒತ್ತಲು ಶುರು ಮಾಡಿ. ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರ್ ಆಳ. ಎಚ್ಚರವಿಲ್ಲ ಆದರೆ ಉಸಿರಾಡುತ್ತಿದ್ದಾರೆ ಅಂದರೆ ಪಕ್ಕದಲ್ಲೇ ಕೂತು ಉಸಿರು ಗಮನಿಸಿ. ಬಾಯಲ್ಲಿ ರಕ್ತ, ವಾಂತಿ ಬಂದರೆ ತಲೆ, ಕುತ್ತಿಗೆ, ಬೆನ್ನು ಒಂದೇ ಗೆರೆಯಲ್ಲಿರುವ ಹಾಗೆ ಮೂರ್ನಾಲ್ಕು ಜನ ಸೇರಿ ಪಕ್ಕಕ್ಕೆ ಹೊರಳಿಸಿ.

ನೀರು ಕುಡಿಸಬೇಡಿ. ನಮ್ಮ ಜನಕ್ಕೆ ಇದು ಬಹಳ ಕಷ್ಟ. ನರಳುತ್ತಿರುವವರು "ನೀರು" ಅಂದಾಗ ಬಾಟಲಿ ಚಾಚದಿರುವುದು ಕಲ್ಲೆದೆ ಅನ್ನಿಸುತ್ತದೆ. ಆದರೆ ಅರೆ ಎಚ್ಚರದಲ್ಲಿ ಕುಡಿದ ನೀರು ಶ್ವಾಸಕೋಶಕ್ಕೆ ಹೋಗಬಹುದು. ಇನ್ನೊಂದು ಗಂಟೆಯಲ್ಲಿ ಆಪರೇಷನ್ ಟೇಬಲ್ಲಿಗೂ ಹೋಗಬೇಕಾಗಬಹುದು. ಒದ್ದೆ ಬಟ್ಟೆಯಲ್ಲಿ ತುಟಿ ಒರೆಸಿ, ಕೈ ಹಿಡಿದುಕೊಳ್ಳಿ. ಮೈ ತಣ್ಣಗಾಗದ ಹಾಗೆ ಹೊದಿಸಿ, ಮೇ ತಿಂಗಳ ಬಿಸಿಲಿನಲ್ಲೂ. ರಕ್ತ ಕಳೆದುಕೊಂಡ ಮೈ ಬೇಗ ತಣ್ಣಗಾಗುತ್ತದೆ, ತಣ್ಣಗಾದ ಮೈಯಲ್ಲಿ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ.

ಹೆಜ್ಜೆ 4: ಎತ್ತುವ ಮೊದಲು ಯೋಚಿಸಿ

ಕಂಕುಳಿಗೆ ಕೈಹಾಕಿ ಎತ್ತಿ, ಮಡಚಿ ಆಟೊದಲ್ಲಿ ಕೂರಿಸುವುದನ್ನು ನೀವೂ ನೋಡಿರುತ್ತೀರಿ. ದೊಡ್ಡ ಗಾಡಿಯ ಏಟಿನಲ್ಲಿ ಇದು ತುಂಬಾ ಅಪಾಯ. ಬೆನ್ನುಮೂಳೆಗೆ ಏಟಾಗಿರಬಹುದು. ಸೊಂಟದ ಮೂಳೆಯಂತೂ ಮುರಿದರೆ ಹೊರಗೆ ಒಂದು ಹನಿಯೂ ಕಾಣದೆ ಒಳಗೇ ಲೀಟರ್‌ಗಟ್ಟಲೆ ರಕ್ತ ಸುರಿಯುತ್ತದೆ. ಸೊಂಟದ ಮೇಲೆ ಟೈರಿನ ಗುರುತು ಇದ್ದರೆ, ಸೊಂಟ ನೋವು ಅಂದರೆ ಕೂರಿಸಬೇಡಿ, ನಿಲ್ಲಿಸಬೇಡಿ, ಕಾಲು ಅಗಲ ಮಾಡಬೇಡಿ, ಹೊರಳಿಸಿ ನೋಡಬೇಡಿ.

ಆಂಬುಲೆನ್ಸ್ ಬರುವ ಹಾಗಿದ್ದರೆ ಕಾಯುವುದೇ ಸರಿ. ಬರುವುದೇ ಇಲ್ಲ ಅಂತ ಖಾತ್ರಿಯಾದರೆ ಮಲಗಿಸಿಕೊಂಡು ಹೋಗುವ ಗಾಡಿ ಹುಡುಕಿ. ಟಾಟಾ ಏಸ್, ಬೊಲೆರೊ ಪಿಕಪ್ ಆಗುತ್ತದೆ. ಹಲಗೆಯೋ ಬಾಗಿಲೋ ಸಿಕ್ಕರೆ ಅದರ ಮೇಲೆ, ಇಲ್ಲದಿದ್ದರೆ ದಪ್ಪ ಕಂಬಳಿಯ ಮೇಲೆ ಐದಾರು ಜನ ಒಂದೇ ಸಲ ಎತ್ತಿ. ಒಬ್ಬರು ತಲೆ, ಕುತ್ತಿಗೆ ಅಲುಗಾಡದ ಹಾಗೆ ಎರಡೂ ಕೈಯಲ್ಲಿ ಹಿಡಿದಿರಲಿ. ದಾರಿಯುದ್ದಕ್ಕೂ ಹಿಡಿದಿರಲಿ.

ಹೆಜ್ಜೆ 5: ಆಸ್ಪತ್ರೆಯಲ್ಲಿ

ಡಾಕ್ಟರಿಗೆ "ಆಕ್ಸಿಡೆಂಟ್" ಅಂತಷ್ಟೇ ಹೇಳಬೇಡಿ. ಯಾವ ಗಾಡಿ, ಚಕ್ರ ಹತ್ತಿತಾ ಬರೀ ಬಡಿಯಿತಾ, ಮೈಯ ಯಾವ ಭಾಗದ ಮೇಲೆ, ಎಷ್ಟು ಹೊತ್ತು ಸಿಕ್ಕಿದ್ದರು, ಮಧ್ಯೆ ಎಚ್ಚರ ತಪ್ಪಿತ್ತಾ, ಇಷ್ಟನ್ನು ಹೇಳಿ. "ಲಾರಿ ಚಕ್ರ ಹತ್ತಿ ಇಳಿಯಿತು" ಅನ್ನುವ ಒಂದು ಮಾತಿನಿಂದ ಡಾಕ್ಟರು ನೋಡುವ ರೀತಿಯೇ ಬದಲಾಗುತ್ತದೆ.

ದುಡ್ಡು ಕಟ್ಟಿದರೆ ಮಾತ್ರ ಮುಟ್ಟುತ್ತೇವೆ ಅನ್ನುವ ಹಾಗಿಲ್ಲ. ಜೀವ ಉಳಿಸುವ ಚಿಕಿತ್ಸೆ ಮೊದಲು, ಪೊಲೀಸ್ ಕಾಗದ ಆಮೇಲೆ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಹತ್ತಿರ ಲಾರಿ ಹರಿದು ಸತ್ತ ಹರೀಶ್ ಅವರ ಹೆಸರಿನಲ್ಲಿ ನಮ್ಮ ರಾಜ್ಯ ಸರ್ಕಾರ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ ತಂದಿತು. ಮೊದಲ 48 ಗಂಟೆಯ ಚಿಕಿತ್ಸೆಗೆ 25,000 ರೂಪಾಯಿವರೆಗೆ ಕೊಡುವ ಯೋಜನೆ ಅದು. ದೇಹ ಎರಡು ತುಂಡಾಗಿದ್ದಾಗಲೂ ಅಂಗದಾನ ಮಾಡಿ ಅಂತ ಕೇಳಿಕೊಂಡವರು ಹರೀಶ್. ಈಗ 2025ರ ಮೇ ತಿಂಗಳಿಂದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯೂ ಇದೆ. ಅಪಘಾತವಾದ ದಿನದಿಂದ 7 ದಿನ, ಒಬ್ಬರಿಗೆ 1.5 ಲಕ್ಷ ರೂಪಾಯಿವರೆಗೆ. ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಮಾತ್ರ ಪೂರ್ತಿ ಸಿಗುತ್ತದೆ. ದಾಖಲಾಗುವಾಗಲೇ ಕೌಂಟರಿನಲ್ಲಿ ಯೋಜನೆಯ ಹೆಸರು ಹೇಳಿ ಕೇಳಿ. ನಾವಾಗಿ ಕೇಳದಿದ್ದರೆ ಯಾರೂ ಹೇಳದೇ ಇರಬಹುದು.

ನೀವು ಬರೀ ದಾರಿಹೋಕರಾಗಿ ಕರೆತಂದಿದ್ದರೆ ಹೆದರಬೇಡಿ. ಹೆಸರು, ಫೋನ್ ನಂಬರ್ ಕೊಡಲೇಬೇಕು ಅಂತಿಲ್ಲ. ಆಸ್ಪತ್ರೆಯವರು ನಿಮ್ಮನ್ನು ಹಿಡಿದಿಟ್ಟುಕೊಳ್ಳುವ ಹಾಗಿಲ್ಲ, ದುಡ್ಡು ಕೇಳುವ ಹಾಗಿಲ್ಲ. ಸಾಕ್ಷಿ ಹೇಳಿ ಅಂತ ಪೊಲೀಸರು ಬಲವಂತ ಮಾಡುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 134ಎ ಸೆಕ್ಷನ್ ಇದಕ್ಕೇ ಇದೆ. ಇದಕ್ಕೆ ಪ್ರತ್ಯೇಕ ಕಾನೂನನ್ನೇ ಮಾಡಿದ ಮೊದಲ ರಾಜ್ಯ ನಮ್ಮದು.

ಮಾಡಿಸಲೇಬೇಕಾದ ಇನ್ನೊಂದು ಕೆಲಸ: ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್, ಅಂದರೆ ಪೊಲೀಸರಿಗೂ ತಿಳಿಸಬೇಕಾದ ಗಾಯದ ಪ್ರಕರಣ) ಅಂತ ದಾಖಲು ಮಾಡಿಸಿ. "ಬಿದ್ದು ಏಟಾಯಿತು" ಅಂತ ಬರೆಸಿದರೆ ಮುಂದೆ ಅದೇ ಮುಳುವಾಗುತ್ತದೆ. ಕೇಸ್ ಶೀಟಿನಲ್ಲಿ ಗಾಡಿಯ ತರ, ನಂಬರ್ ಗೊತ್ತಿದ್ದರೆ ನಂಬರ್, ಸಮಯ, ಜಾಗ ಸರಿಯಾಗಿ ಬರೆದಿದ್ದಾರಾ ನೋಡಿ.

ಹೆಜ್ಜೆ 6: "ಏನೂ ಆಗಿಲ್ಲ" ಅಂದವರನ್ನು ನಂಬಬೇಡಿ

ಏಟು ಬಿದ್ದ ಹೊಸತರಲ್ಲಿ ನೋವು ಗೊತ್ತಾಗುವುದಿಲ್ಲ. ಲಾರಿಯೋ ಬಸ್ಸೋ ತಗಲಿದವರು ನಡೆದಾಡುತ್ತಿದ್ದರೂ ಅವತ್ತೇ ಆಸ್ಪತ್ರೆಗೆ ತೋರಿಸಿ. ಮನೆಗೆ ಕಳಿಸಿದರೂ ಮುಂದಿನ ಎರಡು ದಿನ ಒಬ್ಬರು ಜೊತೆಗಿರಿ.

ಚಕ್ರ ಹತ್ತಿದ ಕೈಕಾಲನ್ನು ಗಂಟೆಗೊಮ್ಮೆ ಮುಟ್ಟಿ ನೋಡಿ. ಊತ ಗಟ್ಟಿಯಾಗುತ್ತಿದೆ, ಮಾತ್ರೆಗೆ ನೋವು ಜಗ್ಗುತ್ತಿಲ್ಲ, ಬೆರಳು ಚಾಚಿದರೆ ಪ್ರಾಣ ಹೋದಂತಾಗುತ್ತದೆ, ಜೋಮು ಹಿಡಿದಿದೆ, ಬೆರಳು ತಣ್ಣಗಾಗಿದೆ, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ಮಾಂಸಖಂಡದೊಳಗೆ ಒತ್ತಡ ಏರಿ ರಕ್ತ ಓಡಾಟ ನಿಂತಿರುತ್ತದೆ. ಕೆಲವೇ ಗಂಟೆ ಕೈಯಲ್ಲಿರುತ್ತದೆ. ಎಕ್ಸ್-ರೇನಲ್ಲಿ ಮೂಳೆ ಸರಿಯಾಗಿದೆ ಅಂದಿದ್ದರೂ ಇದು ಆಗಬಹುದು. ಚರ್ಮದ ಕೆಳಗೆ ನೀರು ತುಂಬಿದ ಚೀಲದ ಹಾಗೆ ಮೆತ್ತಗಾಗಿ ಅಲುಗುತ್ತಿದ್ದರೂ ತೋರಿಸಬೇಕು. ಅರಿಶಿನ, ಎಣ್ಣೆ ತಿಕ್ಕುವುದು, ನಾಟಿ ಪಟ್ಟು ಯಾವುದೂ ಬೇಡ.

ತಲೆಗೆ ಏಟಾಗಿದ್ದರೆ ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಮಾತು ತೊದಲುವುದು. ಹೊಟ್ಟೆಗೆ ಏಟಾಗಿದ್ದರೆ ಹೊಟ್ಟೆ ಗಟ್ಟಿಯಾಗುವುದು, ತಲೆಸುತ್ತು, ಎಡ ಭುಜದ ತುದಿಯಲ್ಲಿ ನೋವು. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಜಜ್ಜಿದ ಮಾಂಸಖಂಡ ಕಿಡ್ನಿಗೆ ತೊಂದರೆ ಕೊಡುತ್ತಿದೆ ಅಂತ ಅರ್ಥ. ಇವೆಲ್ಲಕ್ಕೂ ಒಂದೇ ದಾರಿ, ಕೂಡಲೇ ಆಸ್ಪತ್ರೆ.

ಹೆಜ್ಜೆ 7: ಪೊಲೀಸ್ ಠಾಣೆ, ಕಾಗದಪತ್ರ

ಮನೆಯವರಲ್ಲಿ ಒಬ್ಬರು ಆಸ್ಪತ್ರೆಯಲ್ಲಿದ್ದರೆ ಇನ್ನೊಬ್ಬರು ಅದೇ ದಿನ ಠಾಣೆಗೆ ಹೋಗಬೇಕು. ಬಾಯಲ್ಲಿ ಹೇಳಿ ಬರಬೇಡಿ. ಬರೆದು ಕೊಡಿ, ಎಫ್‌ಐಆರ್ ಪ್ರತಿ ತೆಗೆದುಕೊಳ್ಳಿ. ಅದು ಉಚಿತ. ಜಾಗ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂದರೆ ಝೀರೋ ಎಫ್‌ಐಆರ್ (ಯಾವ ಠಾಣೆಯಲ್ಲಾದರೂ ದಾಖಲಿಸಿ, ಆಮೇಲೆ ಸರಿಯಾದ ಠಾಣೆಗೆ ಕಳಿಸುವ ಎಫ್‌ಐಆರ್) ಮಾಡಿ ಅಂತ ಕೇಳಿ. "ಕೇಸ್ ಬೇಡ, ಇಷ್ಟು ಕೊಡುತ್ತೇವೆ, ರಾಜಿ ಮಾಡಿಕೊಳ್ಳಿ" ಅಂತ ಗಾಡಿಯವರ ಕಡೆಯವರು ಬರುತ್ತಾರೆ. ಆ ಹೊತ್ತಿಗೆ ಹತ್ತಿಪ್ಪತ್ತು ಸಾವಿರ ದೊಡ್ಡದಾಗಿ ಕಾಣುತ್ತದೆ. ಚಿಕ್ಕಪ್ಪನ ಕಾಲಿಗೆ ಮೂರು ಸಲ ಆಪರೇಷನ್ ಬೇಕಾಗುತ್ತದೆ ಅಂತ ಮೊದಲ ದಿನ ನಮಗೆ ಕನಸಿನಲ್ಲೂ ಗೊತ್ತಿರಲಿಲ್ಲ. ಗಾಯದ ಆಳ ಗೊತ್ತಾಗುವ ಮೊದಲು ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಗಾಡಿ ನಂಬರ್ ಸಿಕ್ಕಿದ್ದರೆ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ವಿಮೆ ಇದೆಯಾ ನೋಡಬಹುದು. ನಂಬರ್ ಸಿಗದಿದ್ದರೆ ಅಕ್ಕಪಕ್ಕದ ಅಂಗಡಿ, ಬೇಕರಿ, ಪೆಟ್ರೋಲ್ ಬಂಕ್‌ಗಳ ಕ್ಯಾಮೆರಾ ಕೇಳಿ. ಕೆಲವೇ ದಿನಗಳಲ್ಲಿ ಹಳೆಯ ದೃಶ್ಯ ಅಳಿಸಿಹೋಗುತ್ತದೆ. ನಮಗೆ ನಂಬರ್ ಸಿಕ್ಕಿದ್ದು ತಿರುವಿನ ಎದುರಿನ ಹಾರ್ಡ್‌ವೇರ್ ಅಂಗಡಿಯ ಕ್ಯಾಮೆರಾದಿಂದ, ಅದೂ ಅಳಿಸುವ ಹಿಂದಿನ ದಿನ.

ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು ಪರಿಹಾರ ನ್ಯಾಯಮಂಡಳಿಗೆ ಕಳಿಸಬೇಕು, 90 ದಿನದೊಳಗೆ ಪೂರ್ತಿ ವಿವರದ ವರದಿ ಕೊಡಬೇಕು ಅನ್ನುವ ನಿಯಮ 2022ರಿಂದ ಇದೆ. ವಾರಕ್ಕೊಮ್ಮೆ ಠಾಣೆಗೆ ಹೋಗಿ ವಿಚಾರಿಸಿ. ಒಂದು ಫೈಲ್ ಮಾಡಿ ಇವನ್ನೆಲ್ಲ ಸೇರಿಸುತ್ತಾ ಹೋಗಿ: ಎಫ್‌ಐಆರ್, ಸ್ಥಳ ಮಹಜರು, ಸ್ಥಳದ ನಕ್ಷೆ, ಐಎಂವಿ ರಿಪೋರ್ಟ್ (ಅಪಘಾತದ ಗಾಡಿಯನ್ನು ಪರೀಕ್ಷಿಸಿ ಕೊಡುವ ವರದಿ), ವೂಂಡ್ ಸರ್ಟಿಫಿಕೇಟ್ (ಡಾಕ್ಟರು ಕೊಡುವ ಗಾಯದ ಪ್ರಮಾಣಪತ್ರ), ಚಾರ್ಜ್‌ಶೀಟ್, ಡಿಸ್ಚಾರ್ಜ್ ಸಮ್ಮರಿ, ಎಕ್ಸ್-ರೇ ಫಿಲ್ಮ್, ಒಂದೊಂದು ಬಿಲ್ಲು. ಆಟೊ ಬಾಡಿಗೆ, ಜೊತೆಗಿದ್ದವರು ಕಳೆದುಕೊಂಡ ಕೂಲಿ ಕೂಡ ಬರೆದಿಡಿ. ಹರಿದ ಚಪ್ಪಲಿ, ಬಟ್ಟೆ ಬಿಸಾಕಬೇಡಿ. ಗಾಯದ ಫೋಟೊವನ್ನು ವಾರ ವಾರ ತೆಗೆಯಿರಿ.

ಹೆಜ್ಜೆ 8: ಪರಿಹಾರ

ಗಾಡಿ ಯಾವುದು ಅಂತಲೇ ಗೊತ್ತಾಗದೆ ಓಡಿಹೋಗಿದ್ದರೂ ಪರಿಹಾರ ಇದೆ. 2022ರ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. ಅರ್ಜಿಯನ್ನು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ಇದು ಗೊತ್ತಿಲ್ಲದೆ ಎಷ್ಟೋ ಮನೆಗಳು ಸುಮ್ನೆ ಕೂತಿವೆ.

ಗಾಡಿ ಗೊತ್ತಿದ್ದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಎರಡು ದಾರಿ ಇದೆ. ಮೋಟಾರು ವಾಹನ ಕಾಯ್ದೆಯ 164ನೇ ಸೆಕ್ಷನ್ನಿನಲ್ಲಿ ತಪ್ಪು ಯಾರದು ಅಂತ ಸಾಬೀತು ಮಾಡಬೇಕಾಗಿಲ್ಲ. ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ನಿಗದಿ. 166ನೇ ಸೆಕ್ಷನ್ನಿನಲ್ಲಿ ಡ್ರೈವರಿನ ಅಜಾಗರೂಕತೆ ತೋರಿಸಬೇಕು, ಆದರೆ ಆದಾಯ, ವಯಸ್ಸು, ಅಂಗವೈಕಲ್ಯ, ಮುಂದಿನ ಚಿಕಿತ್ಸೆ ಎಲ್ಲ ಲೆಕ್ಕಕ್ಕೆ ಬರುತ್ತದೆ. ದುಡಿಯುವ ವಯಸ್ಸಿನವರಿಗೆ ದೊಡ್ಡ ಗಾಯವಾಗಿದ್ದರೆ ನನ್ನ ಪ್ರಕಾರ ಎರಡನೆಯದೇ ಸರಿ, ಆದರೂ ವಕೀಲರ ಹತ್ತಿರ ಕೂತು ಲೆಕ್ಕ ಹಾಕಿಸಿ. ಅಪಘಾತವಾದ 6 ತಿಂಗಳೊಳಗೆ ಅರ್ಜಿ ಹಾಕಬೇಕು ಅಂತ ಕಾಯ್ದೆ ಹೇಳುತ್ತದೆ. ಅಪಘಾತ ನಡೆದ ಊರಿನಲ್ಲೇ ಹಾಕಬೇಕಿಲ್ಲ, ನೀವಿರುವ ಊರಿನ ನ್ಯಾಯಮಂಡಳಿಯಲ್ಲೂ ಹಾಕಬಹುದು. ಮನೆಗೆಲಸ ಮಾಡುವ ಹೆಂಗಸಿಗೆ ಆದಾಯ ಇಲ್ಲ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಮನೆಗೆಲಸಕ್ಕೂ ಬೆಲೆ ಕಟ್ಟಿ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ದಿನಗೂಲಿಯವರು ಮೇಸ್ತ್ರಿಯ ಪತ್ರ, ಫೋನ್‌ಪೇಯಲ್ಲಿ ಬಂದ ಕೂಲಿಯ ವಿವರ ತೋರಿಸಬಹುದು.

ಆಸ್ಪತ್ರೆ ಬಾಗಿಲಲ್ಲೇ "ಎಲ್ಲ ನಾವು ನೋಡಿಕೊಳ್ಳುತ್ತೇವೆ" ಅಂತ ಖಾಲಿ ವಕಾಲತ್ತಿಗೆ ಸಹಿ ಹಾಕಿಸಿಕೊಳ್ಳುವವರಿಂದ ದೂರ ಇರಿ. ಜಿಲ್ಲಾ ಕೋರ್ಟ್ ಆವರಣದಲ್ಲಿ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ, 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ವಕೀಲರು ಉಚಿತ.

ಅಂಗವೈಕಲ್ಯದ ಸರ್ಟಿಫಿಕೇಟಿಗೆ ಅವಸರ ಬೇಡ. ಚಿಕಿತ್ಸೆ ಮುಗಿದು, ಫಿಸಿಯೋಥೆರಪಿ ಮಾಡಿಯೂ ಇನ್ನು ಸುಧಾರಿಸುವುದಿಲ್ಲ ಅನ್ನುವ ಹಂತದಲ್ಲಿ ಮಾಡಿಸಿ. ಡಾಕ್ಟರು ಬರೆಯುವ ಶೇಕಡಾ ಲೆಕ್ಕವೇ ಕೊನೆಯ ಮಾತಲ್ಲ. ಆ ಗಾಯದಿಂದ ಈ ಮನುಷ್ಯನ ಈ ಕೆಲಸಕ್ಕೆ ಎಷ್ಟು ಪೆಟ್ಟು ಬಿತ್ತು ಅನ್ನುವುದನ್ನು ನ್ಯಾಯಮಂಡಳಿ ನೋಡಬೇಕು. ನಮ್ಮ ಚಿಕ್ಕಪ್ಪ ಟೈಲರ್. ಮೂವತ್ತು ವರ್ಷ ಕಾಲಲ್ಲಿ ತುಳಿಯುವ ಮೆಷಿನ್ ಮೇಲೇ ಸಂಸಾರ ಸಾಗಿಸಿದವರು. ಸರ್ಟಿಫಿಕೇಟಿನಲ್ಲಿದ್ದದ್ದು ಇಡೀ ದೇಹಕ್ಕೆ ಶೇಕಡಾ 12. ದೂರು ಯಾಕೆ ನಾಲ್ಕು ದಿನ ತಡ ಅಂತ ವಿಮೆಯವರ ಕಡೆಯ ವಕೀಲರು ಕೇಳಿದಾಗ ಆಸ್ಪತ್ರೆಯ ಎಂಎಲ್‌ಸಿ ಕೈಹಿಡಿಯಿತು. ಶೇಕಡಾ 12 ಅಷ್ಟೇ ಅಲ್ವಾ ಅಂದಾಗ ನಮ್ಮ ವಕೀಲರು ಫೋನಿನಲ್ಲಿದ್ದ ಒಂದು ವಿಡಿಯೊ ಹಾಜರುಪಡಿಸಿದರು. ಚಿಕ್ಕಪ್ಪ ಮೆಷಿನ್ ಮುಂದೆ ಕೂತು ಬಲಗಾಲು ಪೆಡಲ್ ಮೇಲಿಡುತ್ತಾರೆ, ಎರಡು ಸಲ ತುಳಿಯುತ್ತಾರೆ, ಮೂರನೆಯದಕ್ಕೆ ಕಾಲು ಮೇಲೇಳುವುದಿಲ್ಲ. ಅಂಥದ್ದೊಂದು ವಿಡಿಯೊವನ್ನು ನೀವೂ ತೆಗೆದಿಟ್ಟುಕೊಳ್ಳಿ.